ಪ್ರತಿ: ಕಮಿಷನರ್ ಬದಲಾಗಿದ್ದಕ್ಕೆ ಡೆನ್ವರ್ ಹಾಕಿ ಟಿವಿಲಿ ಬರ್ತಿಲ್ವಾ?

ಇಲ್ಲ ಸರ್, ಡೆನ್ವರ್ ಆಡೋ ಅಮೆರಿಕದ ಕಾಲೇಜು ಐಸ್ ಹಾಕಿ ಲೀಗ್ ಎನ್‌ಸಿಎಚ್‌ಸಿಯ ಕಮಿಷನರ್, ಅಂದ್ರೆ ಮುಖ್ಯಸ್ಥರು, ಬದಲಾಗಿದ್ದಕ್ಕೂ ಡೆನ್ವರ್ ಯೂನಿವರ್ಸಿಟಿ ಮ್ಯಾಚ್ ನಿಮ್ಮ ಟಿವಿಲಿ ಸಿಗದೇ ಇರೋದಕ್ಕೂ ಸಂಬಂಧ ಇಲ್ಲ. ಹಿಂದಿನ ಕಮಿಷನರ್ ಜಾಶ್ ಫೆಂಟನ್ 2021ರಲ್ಲಿ ಸಮ್ಮಿಟ್ ಲೀಗ್ ಅನ್ನೋ ಇನ್ನೊಂದು ಕಾಲೇಜು ಕ್ರೀಡಾ ಲೀಗ್‌ಗೆ ಹೋದ್ರು, 2022ರಲ್ಲಿ ಹೆದರ್ ವೀಮ್ಸ್ ಬಂದ್ರು, ಅವ್ರು ಸೇಂಟ್ ಕ್ಲೌಡ್ ಸ್ಟೇಟ್‌ನ ಅಥ್ಲೆಟಿಕ್ ಡೈರೆಕ್ಟರ್ ಆಗಿದ್ದವ್ರು, ಅಂದ್ರೆ ಇದೇ ಲೀಗ್‌ನ ಕಾಲೇಜಿಂದಾನೇ ಬಂದವ್ರು, ಒಳಗಿನ ಕಷ್ಟಸುಖ ಗೊತ್ತಿರೋರು. ನನಗಂತೂ ಒಳ್ಳೆ ಆಯ್ಕೆ ಅನ್ಸುತ್ತೆ.

ಟಿವಿ ವಿಷ್ಯ ಏನಂದ್ರೆ, ಸಿಬಿಎಸ್ ಸ್ಪೋರ್ಟ್ಸ್ ನೆಟ್‌ವರ್ಕ್ ಫೆಂಟನ್ ಕಾಲದಲ್ಲೂ ಆಯ್ದ ಕೆಲವೇ ಮ್ಯಾಚ್ ತೋರಿಸ್ತಿತ್ತು. ಶುಕ್ರವಾರ ಶನಿವಾರ ಒಂದೇ ಟೀಮ್ ಜೊತೆ ಎರಡು ಮ್ಯಾಚ್ ಇರುತ್ತಲ್ಲ, ಒಂದು ಅಲ್ಲಿ ಬಂತು ಅಂತ ಇನ್ನೊಂದೂ ಬರುತ್ತೆ ಅನ್ಕೋಬೇಡಿ. ಉಳಿದವಕ್ಕೆ ಲೀಗ್‌ನ ಸ್ಟ್ರೀಮಿಂಗ್ ಸೈಟ್ ಎನ್‌ಸಿಎಚ್‌ಸಿ ಡಾಟ್ ಟಿವಿ ನೋಡಿ, ದುಡ್ಡು ಕೊಡ್ಬೇಕು, ಕ್ಯಾಮೆರಾ ಕಾಮೆಂಟರಿ ಎಲ್ಲ ಆತಿಥೇಯ ಕಾಲೇಜಿಂದೇ ಆಗಿರೋದ್ರಿಂದ ಕ್ವಾಲಿಟಿ ಊರಿಂದ ಊರಿಗೆ ಬೇರೆ ಇರುತ್ತೆ. ಫ್ರೋಜನ್ ಫೋರ್, ಅಂದ್ರೆ ರಾಷ್ಟ್ರೀಯ ಕಾಲೇಜು ಚಾಂಪಿಯನ್‌ಶಿಪ್‌ನ ಸೆಮಿಫೈನಲ್ ಫೈನಲ್, ಮಾತ್ರ ಇಎಸ್‌ಪಿಎನ್ ಚಾನೆಲ್‌ಗಳಲ್ಲಿ, ಅದು ಅಮೆರಿಕದ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ ಕಾಂಟ್ರಾಕ್ಟು, ಲೀಗ್ ಕೈಲಿಲ್ಲ. 2024ರ ಫೈನಲ್ ಸಿಕ್ರೆ ಖಂಡಿತ ನೋಡಿ ಸರ್, ಡೆನ್ವರ್ ಬಾಸ್ಟನ್ ಕಾಲೇಜ್‌ನ 2-0ಲಿ ಸೋಲಿಸ್ತು, ಡೆನ್ವರ್ ಗೋಲ್‌ಕೀಪರ್ ಮ್ಯಾಟ್ ಡೇವಿಸ್ 35 ಶಾಟ್ ತಡೆದ್ರು, ಎಂಥಾ ಆಟ ಅದು!