ಸ್ಟುಡಿಯೋ ಮುಚ್ಚಿದರೆ ಹೊಣೆ ಯಾರ ತಲೆಗೆ?

ಪ್ರಶ್ನೆ: ‘ಹೈ-ಫೈ ರಷ್’ ಎಂಬ ವಿಡಿಯೋ ಗೇಮ್ ಮೆಚ್ಚದವರೇ ಕಡಿಮೆ. ಆದರೂ ಅದನ್ನು ಮಾಡಿದ ಸ್ಟುಡಿಯೋ ಟ್ಯಾಂಗೋ ಗೇಮ್‌ವರ್ಕ್ಸ್‌ಗೆ ಮೈಕ್ರೋಸಾಫ್ಟ್ ಬೀಗ ಹಾಕಿತು. ಬೈಗುಳವೆಲ್ಲ ಆ ಕಂಪನಿಯ ಆಟಗಳ ವಿಭಾಗದ ಆಗಿನ ಮುಖ್ಯಸ್ಥ ಫಿಲ್ ಸ್ಪೆನ್ಸರ್‌ಗೆ ಬಿತ್ತು. ಇದು ಸರಿಯೇ?

ಉತ್ತರ: ಅರ್ಧ ಸರಿ. 2024ರ ಮೇ 7ರಂದು ಸಿಬ್ಬಂದಿಗೆ ಹೋದ ಪತ್ರ ಸ್ಟುಡಿಯೋಗಳ ಮುಖ್ಯಸ್ಥ ಮ್ಯಾಟ್ ಬೂಟಿ ಅವರದು. ಅರ್ಕೇನ್ ಆಸ್ಟಿನ್, ಆಲ್ಫಾ ಡಾಗ್ ಎಂಬ ಸ್ಟುಡಿಯೋಗಳೂ ಅದೇ ದಿನದ ಮುಚ್ಚುವ ಪಟ್ಟಿಯಲ್ಲಿದ್ದವು. ಆದರೆ ಪತ್ರ ಬರೆದವರನ್ನೇ ನಿರ್ಧಾರ ಮಾಡಿದವರೆಂದು ತಿಳಿಯಬೇಡಿ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ಖರ್ಚಿನ ಮಿತಿಯನ್ನು ಮೇಲಿನವರು ಹಾಕುತ್ತಾರೆ, ಅದರೊಳಗೆ ಯಾರ ಕೊರಳು ಎಂಬುದನ್ನು ವಿಭಾಗದ ಮುಖ್ಯಸ್ಥರು ಆರಿಸುತ್ತಾರೆ. ವ್ಯವಹಾರ ತನ್ನ ಕಾಲ ಮೇಲೆ ನಿಲ್ಲಬೇಕು, ಅದಕ್ಕೆ ಕಠಿಣ ನಿರ್ಧಾರ ಬೇಕಾಗುತ್ತದೆ ಎಂದು ಸ್ಪೆನ್ಸರ್ ಜೂನ್‌ನಲ್ಲಿ ಹೇಳಿದರು. ಆ ಆಯ್ಕೆಯ ಮಟ್ಟಿಗೆ ಹೊಣೆ ಅವರದೂ ಹೌದು.

ಹೊಗಳಿಕೆ ಸ್ಟುಡಿಯೋವನ್ನು ಏಕೆ ಉಳಿಸಲಿಲ್ಲ? ಆಟ 2023ರ ಜನವರಿಯಲ್ಲಿ ಮೊದಲ ದಿನವೇ ಮೈಕ್ರೋಸಾಫ್ಟ್‌ನ ಚಂದಾ ಸೇವೆ ಗೇಮ್ ಪಾಸ್‌ಗೆ ಬಂತು. ಚಂದಾದಾರರು ಬೇರೆ ದುಡ್ಡು ಕೊಡದೆ ಆಡಿದರು, ಹಾಗಾಗಿ ಮಾರಾಟದ ಲೆಕ್ಕದಲ್ಲಿ ಅದರ ನಿಜವಾದ ಬೆಲೆ ಕಾಣುವುದಿಲ್ಲ. ಇನ್ನೊಂದು ಕಾರಣ ಹೊರಗಿನವರಿಗೆ ತಟ್ಟನೆ ಹೊಳೆಯದು: ಆಟ ಮುಗಿಸಿದ ಸ್ಟುಡಿಯೋವನ್ನು ಮುಚ್ಚುವುದು ಅಗ್ಗ. ಅರ್ಧಕ್ಕೆ ನಿಂತ ಕೆಲಸ ಹೆಚ್ಚಿರುವುದಿಲ್ಲ, ಮುಂದೆ ವರ್ಷಗಟ್ಟಲೆ ಸಂಬಳವಷ್ಟೇ ಕಾಣುತ್ತದೆ. ಉದಾಹರಣೆಗೆ ನೂರು ಜನ, ತಲೆಗೆ ತಿಂಗಳಿಗೆ 10 ಸಾವಿರ ಡಾಲರ್ ಎಂದು ಹಿಡಿಯಿರಿ. ಮೂರು ವರ್ಷಕ್ಕೆ 3.6 ಕೋಟಿ ಡಾಲರ್ ಆಯಿತು, ಆದಾಯ ಸೊನ್ನೆ. 2023ರ ಅಕ್ಟೋಬರ್‌ನಲ್ಲಿ ಆಟಗಳ ಕಂಪನಿ ಆಕ್ಟಿವಿಷನ್ ಬ್ಲಿಝರ್ಡ್‌ಗೆ 6,870 ಕೋಟಿ ಡಾಲರ್ ಸುರಿದು ಅದನ್ನು ಕೊಂಡಿದ್ದ ಕಂಪನಿಗೆ ಇದು ಪುಡಿಗಾಸು, ಆದರೆ ವಿಭಾಗದ ಲೆಕ್ಕಪುಸ್ತಕದಲ್ಲಿ ಅದು ಒಂದು ಸಾಲು. ಸಾಲುಗಳನ್ನು ಅಳಿಸುವುದು ಸುಲಭ. ಕೆಲವೇ ತಿಂಗಳಲ್ಲಿ ಕ್ರಾಫ್ಟನ್ ಕಂಪನಿ ಆಟದ ಹಕ್ಕು ಕೊಂಡು ತಂಡವನ್ನೂ ಸೇರಿಸಿಕೊಂಡಿತು. ಸ್ಟುಡಿಯೋಗೆ ಬೆಲೆ ಇರಲಿಲ್ಲ ಎಂಬ ವಾದ ಅಲ್ಲಿಗೇ ಬಿತ್ತು.

ಪ್ರಶ್ನೆ: ಇಂಥ ತಪ್ಪಿಗೆ ಅಧಿಕಾರಿಗಳ ಬೋನಸ್ ವಾಪಸ್ ಪಡೆಯಲು ಕಾನೂನು ಇಲ್ಲವೇ?

ಉತ್ತರ: ಅಮೆರಿಕದಲ್ಲಿ ಇದೆ, ಆದರೆ ಇದಕ್ಕೆ ಅನ್ವಯಿಸದು. ಷೇರುಪೇಟೆಯ ಕಂಪನಿಗಳು 2023ರ ಡಿಸೆಂಬರ್ 1ರೊಳಗೆ ಬೋನಸ್ ವಸೂಲಿ ನಿಯಮ ಮಾಡಿಕೊಳ್ಳಬೇಕಿತ್ತು. ಹಣಕಾಸಿನ ಲೆಕ್ಕ ತಪ್ಪಾಗಿ ತಿದ್ದಬೇಕಾಗಿ ಬಂದರೆ ಮಾತ್ರ, ಹಿಂದಿನ ಮೂರು ವರ್ಷಗಳ ಹೆಚ್ಚುವರಿ ಹಣಕ್ಕೆ ಅದು ಅನ್ವಯ. ಕೆಟ್ಟ ನಿರ್ಧಾರ ಲೆಕ್ಕದ ತಪ್ಪಲ್ಲವಲ್ಲ!

ಅಧಿಕಾರಿಗಳ ಸಂಬಳ ನೋಡಬೇಕೇ? ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಕಂಪನಿಯ ಹೆಸರು ಹಾಕಿ, ‘ಡಿಇಎಫ್ 14ಎ’ ಎಂಬ, ಉನ್ನತ ಅಧಿಕಾರಿಗಳ ಸಂಬಳ ಇರುವ ದಾಖಲೆ ತೆಗೆಯಿರಿ. ಸಾಮಾನ್ಯವಾಗಿ ಸಿಇಒ, ಸಿಎಫ್ಒ (ಹಣಕಾಸಿನ ಮುಖ್ಯಸ್ಥ) ಮತ್ತು ಇನ್ನು ಮೂವರ ಹೆಸರಷ್ಟೇ ಇರುತ್ತದೆ. ಆಟಗಳ ವಿಭಾಗದ ಮುಖ್ಯಸ್ಥರು ಆ ಐವರಲ್ಲಿ ಇಲ್ಲದಿರಬಹುದು, ಹಾಗಿದ್ದರೆ ಹುಡುಕಿ ಫಲವಿಲ್ಲ.

ಸ್ವಂತ ಇಚ್ಛೆಯಿಂದ ಸಂಬಳ ಬಿಟ್ಟವರೂ ಇದ್ದಾರೆ. 2014ರಲ್ಲಿ ನಿಂಟೆಂಡೊ ಅಧ್ಯಕ್ಷ ಸತೋರು ಇವಾತಾ ಐದು ತಿಂಗಳು ತಮ್ಮ ಸಂಬಳ ಅರ್ಧಕ್ಕಿಳಿಸಿಕೊಂಡರು.

ಪ್ರಶ್ನೆ: ಸೋನಿಯ ‘ಕಾಂಕಾರ್ಡ್’ ಆಟ ಮಣ್ಣುಮುಕ್ಕಿತು. ಅಲ್ಲಿ ಸ್ಟುಡಿಯೋದವರದೇ ತಪ್ಪಲ್ಲವೇ?

ಉತ್ತರ: ಆಟ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ನಿಂತಿತು, ಅಕ್ಟೋಬರ್ 29ಕ್ಕೆ ಅದನ್ನು ಮಾಡಿದ ಸ್ಟುಡಿಯೋ ಫೈರ್‌ವಾಕ್ ಮುಚ್ಚುವ ಘೋಷಣೆ. ಆಟದ ದೋಷ ತಂಡದ ಪಾಲಿಗೆ ಇರಲಿ. ಆದರೆ ಕಿಕ್ಕಿರಿದ ಶೂಟರ್ (ಗುಂಡು ಹಾರಿಸುವ ಆಟಗಳ) ಮಾರುಕಟ್ಟೆಗೆ ಇನ್ನೊಂದು ಆಟ ಬೇಕೆಂದು 2023ರಲ್ಲಿ ಆ ಸ್ಟುಡಿಯೋವನ್ನೇ ಕೊಂಡವರು ಸೋನಿಯವರು.