ಶಿರಸಿ ಕಡೆಯ ಹಳ್ಳಿಯಲ್ಲಿದ್ದು ಮಗುವಿಗೆ ಮನೆಯಲ್ಲೇ ಪಾಠ ಮಾಡಿದರೆ ಹತ್ತನೇ ಪರೀಕ್ಷೆ ಹೇಗೆ? ಜೊತೆಗೆ ಯಾರು ಸಿಗುತ್ತಾರೆ?

ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್) ದಾರಿ ಒಳ್ಳೆಯದು. 14 ತುಂಬಿರಬೇಕು, ಐದು ವಿಷಯ ತೆಗೆದುಕೊಳ್ಳಬೇಕು. ಪರೀಕ್ಷೆ ವರ್ಷಕ್ಕೆರಡು ಸಲ. ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸುತ್ತ ಹೋಗಬಹುದು. ಎಡವುವುದು ಸಣ್ಣದರಲ್ಲೇ: ಜನನ ಪ್ರಮಾಣಪತ್ರದಲ್ಲಿ ‘ಹೆಗಡೆ’, ಆಧಾರ್‌ನಲ್ಲಿ ‘ಹೆಗ್ಡೆ’ ಅಂತಿದ್ದರೆ ಅರ್ಜಿ ಸಿಕ್ಕಿಕೊಳ್ಳುತ್ತದೆ, ಮೊದಲೇ ತಿದ್ದಿಸಿ. ಮನೆಯಲ್ಲಿ ಬರೆದು ಕೊಡುವ ಅಸೈನ್‌ಮೆಂಟ್‌ಗೆ ಶೇ. 20 ಅಂಕವಿದೆ, ಬಿಡಬೇಡಿ. ಮುಂದೆ ಪಿಯು ಸೈನ್ಸ್ ಬೇಕೆಂದರೆ ಗಣಿತ, ವಿಜ್ಞಾನ ಎರಡೂ ಇರಲಿ.

ಜೊತೆಗೆ ನಾಲ್ಕು ಮನೆಯವರು ಸಾಕು. ವಾರಕ್ಕೊಮ್ಮೆ ಪಂಚಾಯ್ತಿ ಗ್ರಂಥಾಲಯದಲ್ಲಿ (ಅರಿವು ಕೇಂದ್ರ) ಸೇರಿ, ಒಬ್ಬರು ಗಣಿತ, ಇನ್ನೊಬ್ಬರು ಇಂಗ್ಲಿಷ್ ವಹಿಸಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ನಂಬುವ ಹಾಗಿಲ್ಲ. ಪಾಠಗಳನ್ನು ಮೇ ತಿಂಗಳಲ್ಲೇ ಪ್ರಿಂಟ್ ತೆಗೆದಿಡಿ.