ಒಡೆಯುತ್ತದೆ ಅಲ್ಲ, ಹುಟ್ಟುತ್ತದೆ

ಸಿಂಧನೂರಿನ ಲೇಖಕಿಗೆ,

ನೀವು ಕಳಿಸಿದ ‘ಗಾಜಿನ ಎಳೆಯ ಕಾಮನಬಿಲ್ಲು’ ಓದಿದೆ. ಸಣ್ಣ ಸಣ್ಣ ತೂತುಗಳಿರುವ ಮಲ್ಟಿಮೋಡ್ ಫೈಬರಿನಲ್ಲಿ, ಅಂದರೆ ಬೆಳಕು ಹಲವು ವಿನ್ಯಾಸಗಳಲ್ಲಿ ಸಾಗಬಲ್ಲ ಗಾಜಿನ ಎಳೆಯಲ್ಲಿ, ಲೇಸರಿನಿಂದ ಹೊಸ ಬಣ್ಣ ಬರುವ ಬಗ್ಗೆ ಕನ್ನಡದಲ್ಲಿ ಬರೆದಿದ್ದೀರಿ, ಸಂತೋಷ. ಭಾಷೆಯೂ ತಿಳಿಯಾಗಿದೆ. ಆದರೆ ಎರಡು ಸಾಲು ನನಗೆ ನಿದ್ದೆ ಕೊಡಲಿಲ್ಲ.

ಮೊದಲನೆಯದು: ‘ಡ್ರಿಪ್ ಪೈಪಿನ ನೀರಿನಂತೆ ಬೆಳಕು ಈ ತೂತುಗಳಲ್ಲಿ ಹರಿಯುತ್ತದೆ.’ ಇಲ್ಲ. ನೀವು ಹೇಳುತ್ತಿರುವ ಫೈಬರಿನಲ್ಲಿ ಬೆಳಕು ಹೋಗುವುದು ನಡುವಿನ ಗಟ್ಟಿ ಗಾಜಿನಲ್ಲಿ. ತೂತುಗಳಲ್ಲಿ ಬರೀ ಗಾಳಿ. ಅವು ಬೇಲಿಯ ಹಾಗೆ ಸುತ್ತ ನಿಂತು ಬೆಳಕನ್ನು ನಡುವೆ ಕೂಡಿಹಾಕುತ್ತವೆ. ಜಾಗ ಇಕ್ಕಟ್ಟಾದಷ್ಟೂ ಬೆಳಕಿನ ತೀವ್ರತೆ ಜಾಸ್ತಿ. ಆ ತೀವ್ರತೆಗೆ ಗಾಜಿನ ಗುಣವೇ ಕೊಂಚ ಬದಲಾಗುತ್ತದೆ, ಹೊಸ ಬಣ್ಣ ಬರುವುದೂ ಅದರಿಂದಲೇ. ನಾನ್‌ಲೀನಿಯರ್ ಅನ್ನುವುದು ಇದಕ್ಕೇ ಅಲ್ವಾ? ಬೆಳಕನ್ನು ತೂತಿಗೆ ಕಳಿಸಿದಿರಿ, ವಿಷಯದ ಬುಡವೇ ಕೈಬಿಟ್ಟಿತು.

ಎರಡನೆಯದು: ‘ಒಳಗೆ ಹೋದ ಬೆಳಕು ಒಡೆದು ಏಳು ಬಣ್ಣವಾಗುತ್ತದೆ.’ ಒಡೆಯುವುದು ಪ್ರಿಸಮ್ಮಿನ ಕೆಲಸ. ಅಲ್ಲಿ ಬಿಳಿ ಬೆಳಕಿನೊಳಗೆ ಬಣ್ಣಗಳು ಮೊದಲೇ ಇರುತ್ತವೆ. ಇಲ್ಲಿ ಇರುವುದಿಲ್ಲ. 2000ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದವರು ಇಂಥದೇ 75 ಸೆಂಟಿಮೀಟರ್ ಫೈಬರಿಗೆ 100 ಫೆಮ್ಟೋಸೆಕೆಂಡಿನ, ಅಂದರೆ ಸೆಕೆಂಡಿನ ಹತ್ತು ಲಕ್ಷ ಕೋಟಿಯಲ್ಲಿ ಒಂದು ಪಾಲಿನಷ್ಟು ಚಿಕ್ಕ, ಲೇಸರ್ ಮಿಡಿತಗಳನ್ನು ಬಿಟ್ಟರು. ಒಳಗೆ ಹೋಗಿದ್ದು ಕೆಂಪಿನ ಅಂಚಿನ ಒಂದೇ ಬಣ್ಣ. ಆಚೆ ಬಂದಿದ್ದು ನೇರಳೆಯಿಂದ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ವರೆಗಿನ ಹರವು. ಇದನ್ನು ಒಡೆಯುವುದು ಅಂತ ಹೇಗೆ ಕರೆಯುತ್ತೀರಿ?

ನಾನೂ ಹೀಗೇ ಒಂದು ಕ್ರಿಯಾಪದದಲ್ಲಿ ಸಿಕ್ಕಿಬಿದ್ದಿದ್ದೆ. ಬಳ್ಳಾರಿಯ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದ ದಿನಗಳು. ತುಂಗಭದ್ರಾ ಅಣೆಕಟ್ಟಿನ ಬಗ್ಗೆ ‘ನೀರು ಕರೆಂಟ್ ಆಗುತ್ತದೆ’ ಅಂತ ಬರೆದಿದ್ದೆ. ಸಂಪಾದಕರು ಬೈಯಲಿಲ್ಲ. ಬಸ್ಸಿನ ಖರ್ಚು ಕೊಟ್ಟು, ‘ಮುನಿರಾಬಾದಿಗೆ ಹೋಗು, ಪವರ್‌ಹೌಸಿನಿಂದ ಆಚೆ ಏನು ಬರುತ್ತದೆ ನೋಡಿಕೊಂಡು ಬಾ’ ಅಂದರು. ಹೋದೆ. ಆಚೆ ಬಂದಿದ್ದು ನೀರೇ. ಅದರ ರಭಸ ಮಾತ್ರ ಟರ್ಬೈನಿನಲ್ಲಿ ಉಳಿದಿತ್ತು. ಸಂಜೆ ವಾಪಸ್ ಬಂದವನೇ ಆ ಸಾಲು ಹೊಡೆದುಹಾಕಿ ಹೊಸದಾಗಿ ಬರೆದೆ. ಇವತ್ತಿಗೂ ಯಾರದೇ ಬರಹ ಬಂದರೂ ನಾನು ಮೊದಲು ಕ್ರಿಯಾಪದಕ್ಕೆ ಕೈ ಹಾಕುತ್ತೇನೆ.

‘ಹುಟ್ಟುತ್ತದೆ’ ಅಂತ ಬರೆದಿದ್ದರೆ, ಹೇಗೆ ಹುಟ್ಟುತ್ತದೆ ಅಂತ ಓದುಗರು ಕೇಳುತ್ತಿದ್ದರು. ಆಗ ನೀವು ಮೋಡ್‌ಗಳ ಕಡೆಗೆ ಬರಲೇಬೇಕಿತ್ತು. ಪಂಚಮಿಯ ಜೋಕಾಲಿ ನೆನಪಿಸಿಕೊಳ್ಳಿ. ಹೊತ್ತು ನೋಡಿ ಜೀಕಿದರೆ ಏರುತ್ತದೆ, ತಪ್ಪಿ ಜೀಕಿದರೆ ನಿಲ್ಲುತ್ತದೆ. ಹೊಸ ಬಣ್ಣವೂ ಹಾಗೇ. ಹಳೆಯ ಬೆಳಕಿನ ಅಲೆಯ ಜೊತೆ ಹೆಜ್ಜೆ ಕೂಡಿದರೆ ಮಾತ್ರ ಬೆಳೆಯುತ್ತದೆ. ಮಲ್ಟಿಮೋಡ್ ಫೈಬರಿನಲ್ಲಿ ಬೆಳಕು ಹಲವು ವಿನ್ಯಾಸಗಳಲ್ಲಿ ಸಾಗುತ್ತದೆ, ಮೋಡ್ ಅನ್ನುವುದು ಆ ಒಂದೊಂದು ವಿನ್ಯಾಸಕ್ಕೆ. ಒಂದೊಂದಕ್ಕೂ ಒಂದೊಂದು ವೇಗ. ಒಂದು ಮೋಡ್‌ನಲ್ಲಿ ಹೆಜ್ಜೆ ಕೂಡದ ಬಣ್ಣ ಇನ್ನೊಂದರಲ್ಲಿ ಕೂಡಬಹುದು. ನಿಮ್ಮ ಲೇಖನದಲ್ಲಿ ‘ಮಲ್ಟಿಮೋಡ್’ ಹನ್ನೊಂದು ಸಲ ಬಂದಿದೆ, ಈ ಮಾತು ಒಂದು ಸಲವೂ ಇಲ್ಲ.

ಡ್ರಿಪ್ ಪೈಪ್ ತೆಗೆಯಿರಿ. ‘ಒಡೆದು’ ತೆಗೆಯಿರಿ. ಮೋಡ್‌ಗಳಿಗೆ ಒಂದು ಪುಟ ಕೊಟ್ಟು ಮತ್ತೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.